ಅಸಿಡಿಟಿಗೆ ಯಾವ ಮಾತ್ರೆ? ಆಂಟಾಸಿಡ್, ಫ್ಯಾಮೊಟಿಡೀನ್, ಪ್ಯಾಂಟೊಪ್ರಜೋಲ್, ವೊನೊಪ್ರಜಾನ್: ಅಣು ನೋಡಿ ಆರಿಸುವ ಬಗೆ

ಮೆಡಿಕಲ್ ಸ್ಟೋರಿನಲ್ಲಿ ಅಸಿಡಿಟಿಗೆಂದು ಸಿಗುವ ಮಾತ್ರೆ, ಪುಡಿ, ಸಿರಪ್ಪುಗಳ ಹೆಸರು ನೂರಾರು. ಒಳಗಿನ ಅಣು ನೋಡಿದರೆ ಮುಖ್ಯವಾಗಿ ಬಗೆ ನಾಲ್ಕೇ. ಆಗಲೇ ಸುರಿದಿರುವ ಆಮ್ಲವನ್ನು ಕೊಲ್ಲುವ ಆಂಟಾಸಿಡ್. ಆಮ್ಲ ಸುರಿಸಲು ಬರುವ ಆಜ್ಞೆಗಳಲ್ಲಿ ಒಂದನ್ನು ತಡೆಯುವ ಎಚ್2 ಬ್ಲಾಕರ್ (ಫ್ಯಾಮೊಟಿಡೀನ್ ಈ ಬಗೆ). ಆಮ್ಲದ ಪಂಪನ್ನೇ ಕೆಡಿಸುವ ಪಿಪಿಐ (ಪ್ಯಾಂಟೊಪ್ರಜೋಲ್ ಈ ಬಗೆ). ಅದೇ ಪಂಪಿನಲ್ಲಿ ಪೊಟ್ಯಾಸಿಯಂನ ಜಾಗ ಹಿಡಿದು ಕೂರುವ ಪಿ-ಕ್ಯಾಬ್ (ವೊನೊಪ್ರಜಾನ್ ಈ ಬಗೆ). ಸಾಮಾನ್ಯವಾಗಿ ಜನ ಕೇಳುವುದು ‘ಯಾವುದು ಸ್ಟ್ರಾಂಗ್’ ಅಂತ. ಕೇಳಿಕೊಳ್ಳಬೇಕಾದದ್ದು ಬೇರೆ: ಉರಿ ಯಾವ ಹೊತ್ತಿಗೆ ಬರುತ್ತದೆ, ವಾರಕ್ಕೆ ಎಷ್ಟು ಸಲ, ಅನ್ನನಾಳದಲ್ಲಿ ಹುಣ್ಣಾಗಿದೆಯೋ ಇಲ್ಲವೋ, ಜೊತೆಗೆ ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ, ಮಾತ್ರೆ ನುಂಗುವ ಹೊತ್ತು. ಆ ಹೊತ್ತನ್ನು ಯಾರೋ ಅಂದಾಜಿನಲ್ಲಿ ಗೊತ್ತು ಮಾಡಿದ್ದಲ್ಲ. ಔಷಧ ರಸಾಯನಜ್ಞರು ಅಣುವನ್ನು ಕಟ್ಟಿದ ರೀತಿಯಲ್ಲೇ ಅದು ಅಡಗಿದೆ.

ಕೊಳ್ಳುವ ಮುಂಚೆ ಒಂದು ಮಾತು. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ, ರಕ್ತಹೀನತೆ, ಬಿಡದ ವಾಂತಿ ಇವುಗಳಲ್ಲಿ ಒಂದಿದ್ದರೂ ಮಾತ್ರೆ ಆರಿಸುವ ಮಾತೇ ಇಲ್ಲ, ಎಂಡೋಸ್ಕೋಪಿ ಆಗಬೇಕು. ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ತೊಂದರೆಗೂ ಇದೇ ಮಾತು. ಎದೆ ಹಿಸುಕಿದಂತಾಗಿ ನೋವು ದವಡೆಗೋ ಎಡಗೈಗೋ ಹರಿದರೆ, ಬೆವರು ಬಂದರೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಪುಡಿ ಕಲಸಿ ಕುಡಿಯುತ್ತ ಕೂರದೆ ಇಸಿಜಿ ಮಾಡಿಸಿ.

ಆಮ್ಲ ಬರುವ ದಾರಿ

ಜಠರದ ಗೋಡೆಯಲ್ಲಿರುವ ಪರೈಟಲ್ ಕೋಶಗಳು ಹೈಡ್ರೊಕ್ಲೋರಿಕ್ ಆಮ್ಲ ಸುರಿಸುತ್ತವೆ. ಅವಕ್ಕೆ ಆಜ್ಞೆ ಮೂರು ಕಡೆಯಿಂದ ಬರುತ್ತದೆ: ವೇಗಸ್ ನರದ ಅಸಿಟೈಲ್‌ಕೋಲೀನ್, ರಕ್ತದಲ್ಲಿ ಬರುವ ಗ್ಯಾಸ್ಟ್ರಿನ್ ಹಾರ್ಮೋನು, ಪಕ್ಕದ ಇಸಿಎಲ್ ಕೋಶ ಬಿಡುವ ಹಿಸ್ಟಮೀನ್. ಮೂರೂ ಕೊನೆಗೆ ಚಾಲೂ ಮಾಡುವುದು ಒಂದೇ ಯಂತ್ರವನ್ನು. ಅದು ಹೈಡ್ರೊಜನ್-ಪೊಟ್ಯಾಸಿಯಂ ಎಟಿಪೇಸ್ ಎಂಬ ಪಂಪು. ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆ ತೆಗೆದುಕೊಂಡು ಒಂದು ಹೈಡ್ರೊಜನ್ ಅಯಾನನ್ನು ಹೊರಗೆ ತಳ್ಳುತ್ತದೆ. ಪರೈಟಲ್ ಕೋಶದ ಸೀಳುನಾಳಗಳಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಹೈಡ್ರೊಜನ್ ಅಯಾನಿನ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ದೇಹದಲ್ಲಿ ಇಷ್ಟು ಹುಳಿಯಾದ ಜಾಗ ಇನ್ನೊಂದಿಲ್ಲ. ಈ ಒಂದು ಸಂಗತಿಯನ್ನೇ ಹಿಡಿದು ಕೊನೆಯ ಎರಡು ಬಗೆಯ ಔಷಧಗಳು ಹುಟ್ಟಿದವು.

ಚಿಕಿತ್ಸೆಗೆ ಒಂದು ಗುರಿಯೂ ಇದೆ. ಅನ್ನನಾಳದ ಹುಣ್ಣು ಮಾಯಲು ಜಠರದ ಪಿಎಚ್ ದಿನದಲ್ಲಿ ಸುಮಾರು 16 ಗಂಟೆ 4ಕ್ಕಿಂತ ಮೇಲಿರಬೇಕು. ಡುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಹುಣ್ಣಿಗೆ 3ಕ್ಕಿಂತ ಮೇಲೆ 18 ಗಂಟೆ. ಒಂದೊಂದು ಔಷಧವನ್ನೂ ಈ ಗಂಟೆಗಳ ಲೆಕ್ಕದಲ್ಲಿ ಅಳೆಯುವುದು ಸರಿ.

ಆಂಟಾಸಿಡ್: ಕೂಡಲೇ ಆರಾಮ, ಕೂಡಲೇ ಖಾಲಿ

ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸೇರಿದ ಗುಲಾಬಿ, ಬಿಳಿ ಸಿರಪ್ಪುಗಳು ಕೆಲವೇ ನಿಮಿಷದಲ್ಲಿ ಉರಿ ತಗ್ಗಿಸುತ್ತವೆ. ಖಾಲಿ ಹೊಟ್ಟೆಗೆ ಕುಡಿದರೆ ಅರ್ಧ ಗಂಟೆಯೊಳಗೆ ಜಠರದಿಂದ ಕೆಳಗಿಳಿದು ಹೋಗುತ್ತವೆ. ಊಟವಾದ ಒಂದು ಗಂಟೆಗೆ ಕುಡಿದರೆ ಎರಡು ಮೂರು ಗಂಟೆ ನಿಲ್ಲುತ್ತವೆ. ಹಾಗಾಗಿ ಊಟಕ್ಕೆ ಮುಂಚೆ ಕುಡಿಯುವುದು ದಂಡ. ಮೆಗ್ನೀಸಿಯಂ ಭೇದಿ ತರುತ್ತದೆ, ಅಲ್ಯುಮಿನಿಯಂ ಮಲಬದ್ಧತೆ ತರುತ್ತದೆ. ಎರಡನ್ನೂ ಸೇರಿಸುವುದು ಅದಕ್ಕೇ. ಮೂತ್ರಪಿಂಡ ಸೋತವರಿಗೆ ಎರಡೂ ಬೇಡ, ಮೈಯಲ್ಲೇ ಉಳಿದುಕೊಳ್ಳುತ್ತವೆ. ಮಾತ್ರೆಯ ರೂಪದಲ್ಲಿದ್ದರೆ ಅಗಿದೇ ನುಂಗಬೇಕು. ಇಡಿಯಾಗಿ ನುಂಗಿದ ಮಾತ್ರೆ ಕರಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನೀರಿಗೆ ಹಾಕಿದರೆ ಬುಸ್ಸೆನ್ನುವ ಪುಡಿಯ ಕಥೆ ಬೇರೆ. ಅದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದ ಮಿಶ್ರಣ. ಪೊಟ್ಟಣದ ಮೇಲೆ ‘ಸ್ವರ್ಜಿಕ್ಷಾರ’, ‘ನಿಂಬುಕಾಮ್ಲಂ’ ಎಂದು ಬರೆದಿರುವುದರಿಂದ ಗಿಡಮೂಲಿಕೆ ಎಂದುಕೊಳ್ಳುವವರಿದ್ದಾರೆ. 5 ಗ್ರಾಂ ಪೊಟ್ಟಣವೊಂದರಲ್ಲಿ ಸುಮಾರು 850 ಮಿ.ಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂ ಉಪ್ಪು ತಿಂದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ ಹೇಳುವ ಮಿತಿಯೇ 2 ಗ್ರಾಂ ಸೋಡಿಯಂ. ಬಿ.ಪಿ., ಹೃದಯದ ತೊಂದರೆ, ಕಾಲು ಬಾವು ಇದ್ದವರು, ಗರ್ಭಿಣಿಯರು ಇದನ್ನು ಮುಟ್ಟದಿರುವುದು ಒಳ್ಳೆಯದು. ಮದುವೆ ಊಟ ಗಂಟಲವರೆಗೆ ತುಂಬಿರುವಾಗ ಕುಡಿಯುವುದಂತೂ ತಪ್ಪು. ಒಳಗೆ ಏಳುವ ಇಂಗಾಲದ ಡೈಆಕ್ಸೈಡ್ ಆಮ್ಲವನ್ನೂ ಸೇರಿಸಿಕೊಂಡು ಮೇಲಕ್ಕೇ ಬರುತ್ತದೆ.

ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ ಹುಳಿನೀರು ಗಂಟಲಿಗೆ ಬರುವವರಿಗೆ ಇವೆರಡಕ್ಕಿಂತ ಆಲ್ಜಿನೇಟ್ ಇರುವ ಸಿರಪ್ ಮೇಲು. ಊಟದ ನಂತರ ಆಹಾರದ ಮೇಲ್ಭಾಗದಲ್ಲಿ, ಅನ್ನನಾಳದ ಬಾಯಿಗೆ ತಾಗಿದಂತೆ, ಆಹಾರದೊಂದಿಗೆ ಬೆರೆಯದ ಆಮ್ಲದ ಒಂದು ಪದರ ನಿಲ್ಲುತ್ತದೆ. ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಆಮ್ಲ ತಾಗಿದೊಡನೆ ಲೋಳೆಗಟ್ಟಿ ಆ ಪದರದ ಮೇಲೆ ತೇಲುತ್ತದೆ. ಊಟವಾದ ಮೇಲೆ ಮತ್ತು ಮಲಗುವಾಗ 10ರಿಂದ 20 ಮಿ.ಲೀ.; ಕುಡಿದ ಮೇಲೆ ನೀರು ಕುಡಿಯಬಾರದು.

ಯಾವ ಆಂಟಾಸಿಡ್ ಆದರೂ ಕಬ್ಬಿಣದ ಮಾತ್ರೆ, ಥೈರಾಕ್ಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಇವುಗಳೊಂದಿಗೆ ಹೊಟ್ಟೆಯಲ್ಲೇ ಅಂಟಿಕೊಂಡು ಅವು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಎರಡರಿಂದ ನಾಲ್ಕು ಗಂಟೆ ಅಂತರ ಬೇಕು. ತಿಂಗಳಿಗೆ ಕೆಲವು ಸಲ ಬರುವ ಉರಿಗೆ ಇಷ್ಟು ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಮುಂದಿನ ಬಗೆಗಳಿಗೆ ಹೋಗಬೇಕು.

ಎಚ್2 ಬ್ಲಾಕರ್: ರಾತ್ರಿಯ ಔಷಧ

1964ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಪ್ರಯೋಗಾಲಯದಲ್ಲಿ ಜೇಮ್ಸ್ ಬ್ಲ್ಯಾಕ್ ಹಿಸ್ಟಮೀನ್‌ನ ಎರಡನೇ ಬಗೆಯ ಗ್ರಾಹಿಯನ್ನು (ಕೋಶದ ಮೇಲೆ ಆಜ್ಞೆ ಹಿಡಿಯುವ ಜಾಗ) ತಡೆಯುವ ಅಣುವಿಗೆ ಹುಡುಕಾಟ ಶುರು ಮಾಡಿದರು. ಅಣು ಕಟ್ಟುವ ಕೆಲಸ ರಾಬಿನ್ ಗ್ಯಾನೆಲಿನ್, ಗ್ರಹಾಂ ಡ್ಯುರಾಂಟ್, ಜಾನ್ ಎಮೆಟ್ ಮೊದಲಾದ ರಸಾಯನಜ್ಞರದು. ಹಿಸ್ಟಮೀನ್‌ನ ಉಂಗುರ ಹಾಗೇ ಇಟ್ಟು ಬಾಲವನ್ನು ಬದಲಿಸುತ್ತ ಹೋದರು. ಕೆಲವು ವರ್ಷ ಏನೂ ಸಿಗಲಿಲ್ಲ. ಬಾಲದ ತುದಿಯಲ್ಲಿದ್ದ ಧನ ವಿದ್ಯುದಂಶದ ಗ್ವಾನಿಡೀನ್ ಗ್ರಾಹಿಯನ್ನು ಅಷ್ಟಿಷ್ಟು ಕೆರಳಿಸುತ್ತಲೂ ಇತ್ತು. ಆ ಜಾಗಕ್ಕೆ ವಿದ್ಯುದಂಶವಿಲ್ಲದ ಥಯೋಯೂರಿಯಾ ಇಟ್ಟು ಬಾಲವನ್ನು ಉದ್ದ ಮಾಡಿದಾಗ ಕೆರಳಿಸುವ ಗುಣ ಹೋಗಿ ತಡೆಯುವ ಗುಣ ಉಳಿಯಿತು. ಅದೇ 1972ರಲ್ಲಿ ಪ್ರಕಟವಾದ ಬ್ಯುರಿಮಮೈಡ್. ಬಾಯಿಯಿಂದ ಕೊಟ್ಟರೆ ಸಾಲದಷ್ಟು ಮೆತ್ತಗಿನ ಔಷಧ ಅದು. ಬಾಲದಲ್ಲೊಂದು ಗಂಧಕ, ಉಂಗುರಕ್ಕೊಂದು ಮೀಥೈಲ್ ಸೇರಿಸಿ ಮೆಟಿಯಮೈಡ್ ಮಾಡಿದರು. ಶಕ್ತಿ ಬಂತು, ಆದರೆ ಕೆಲವು ರೋಗಿಗಳಲ್ಲಿ ಬಿಳಿರಕ್ತಕಣ ಕುಸಿಯಿತು. ದೂರು ಥಯೋಯೂರಿಯಾದ ಮೇಲೆ ಬಂತು. ಅದನ್ನು ಸಯನೊಗ್ವಾನಿಡೀನ್‌ಗೆ ಬದಲಿಸಿದಾಗ ಹುಟ್ಟಿದ್ದು ಸಿಮೆಟಿಡೀನ್. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಹೊಟ್ಟೆ ಹುಣ್ಣಿಗೆ ಶಸ್ತ್ರಚಿಕಿತ್ಸೆಯೇ ಗತಿ ಎಂಬ ಕಾಲ ಅಲ್ಲಿಂದ ಮುಗಿಯತೊಡಗಿತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಸಿಮೆಟಿಡೀನ್ ಇಂದು ಆರಿಸಬಾರದ ಔಷಧ. ಹಿಸ್ಟಮೀನ್‌ನಿಂದ ಬಂದ ಅದರ ಇಮಿಡಜೋಲ್ ಉಂಗುರ ಯಕೃತ್ತಿನ ಸೈಟೊಕ್ರೋಂ ಕಿಣ್ವಗಳ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ವಾರ್ಫರಿನ್, ಫೆನಿಟಾಯಿನ್, ಥಿಯೊಫಿಲಿನ್ ರಕ್ತದಲ್ಲಿ ಏರುತ್ತವೆ. ಪುರುಷ ಹಾರ್ಮೋನಿನ ಗ್ರಾಹಿಯನ್ನೂ ತಡೆಯುವುದರಿಂದ ಗಂಡಸರಲ್ಲಿ ಸ್ತನ ಊದುವುದುಂಟು. ಗ್ಲಾಕ್ಸೊದ ರಾನಿಟಿಡೀನ್ 1981ರಲ್ಲಿ ಆ ಉಂಗುರದ ಬದಲು ಫ್ಯುರಾನ್ ಇಟ್ಟು ಈ ಎರಡೂ ಕಾಟವನ್ನು ತಗ್ಗಿಸಿತು. ಆದರೆ ಅದರ ಒಂದೇ ಅಣುವಿನಲ್ಲಿ ಡೈಮೀಥೈಲ್ ಅಮೀನ್ ಭಾಗವೂ ಇದೆ, ನೈಟ್ರೊ ಗುಂಪೂ ಇದೆ. ಬಿಸಿಲು, ತೇವಕ್ಕೆ ಸಿಕ್ಕ ದಾಸ್ತಾನಿನಲ್ಲಿ ಇವೆರಡೂ ಒಡೆದು ಸೇರಿ ಕ್ಯಾನ್ಸರ್‌ಕಾರಕವೆಂದು ಶಂಕಿತವಾದ ಎನ್‌ಡಿಎಂಎ ಆಗಬಲ್ಲವು. 2019ರ ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು. 2020ರ ಏಪ್ರಿಲ್ 1ರಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಎಲ್ಲ ರಾನಿಟಿಡೀನನ್ನೂ ಹಿಂಪಡೆಯಲು ಕೇಳಿತು. ಭಾರತ 2022ರಲ್ಲಿ ಅದನ್ನು ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಿಂದ ಕೈಬಿಟ್ಟಿತು. ಅದಕ್ಕೆ ಬದಲಿ ಇರುವಾಗ ಹಳೆಯ ಅಭ್ಯಾಸಕ್ಕೆಂದು ಕೇಳಿ ತರುವುದರಲ್ಲಿ ಅರ್ಥವಿಲ್ಲ.

ಬದಲಿ ಎಂದರೆ ಫ್ಯಾಮೊಟಿಡೀನ್. ಜಪಾನಿನ ಯಮನೊಉಚಿ ಸಂಸ್ಥೆಯ ಅಣು, ಥಯಜೋಲ್ ಉಂಗುರ, ಎನ್‌ಡಿಎಂಎ ಆಗಲು ಬೇಕಾದ ಆ ಜೋಡಿ ಇದರಲ್ಲಿಲ್ಲ, ಯಕೃತ್ತಿನ ಕಿಣ್ವಗಳ ತಂಟೆಗೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಶುರುವಾಗಿ 10–12 ಗಂಟೆ ನಿಲ್ಲುತ್ತದೆ. ರಾತ್ರಿ ನಿದ್ದೆಯಲ್ಲಿ ಸುರಿಯುವ ಆಮ್ಲಕ್ಕೆ ಮುಖ್ಯ ಪ್ರೇರಣೆ ಹಿಸ್ಟಮೀನ್. ಹಾಗಾಗಿ ನಡುರಾತ್ರಿ ಎದೆಯುರಿದು ಏಳುವವರಿಗೆ ಮಲಗುವಾಗ 20 ಅಥವಾ 40 ಮಿ.ಗ್ರಾಂ ಚೆನ್ನಾಗಿ ಹಿಡಿಯುತ್ತದೆ. ಊಟದ ಹೊತ್ತಿನ ಆಮ್ಲಕ್ಕೆ ಅಷ್ಟು ಹಿಡಿಯುವುದಿಲ್ಲ, ಆಗ ನರ ಮತ್ತು ಗ್ಯಾಸ್ಟ್ರಿನ್‌ಗಳ ಆಜ್ಞೆಯೂ ಬರುತ್ತಿರುತ್ತದೆ. ನಾಳೆ ಸಂಜೆ ಕರಿದದ್ದರ ಊಟವಿದೆ ಎಂದು ಗೊತ್ತಿದ್ದರೆ ಅರ್ಧ ಗಂಟೆ ಮುಂಚೆ ನುಂಗಲೂ ಇದು ಸರಿ.

ಇದರ ದೊಡ್ಡ ಕೊರತೆ ಸಹಿಷ್ಣುತೆ. ದಿನವೂ ನುಂಗಿದರೆ ಒಂದೆರಡು ವಾರದಲ್ಲೇ ಪರಿಣಾಮ ಇಳಿಯುತ್ತದೆ. ಮೊದಲ ವಾರ ‘ಅದ್ಭುತ’ ಅಂದವರು ಮೂರನೇ ವಾರ ‘ಕಂಪನಿ ಮಾಲು ಕೆಟ್ಟಿದೆ’ ಅನ್ನುವುದು ಇದರಿಂದಲೇ. ಬೇಕಾದಾಗ ಮಾತ್ರ ನುಂಗಿದರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಇದು ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ದಾರಿಯಲ್ಲಿ. ಕ್ರಿಯಾಟಿನಿನ್ ಏರಿರುವ ವೃದ್ಧರಿಗೆ ಪೂರ್ತಿ ಡೋಸ್ ಕೊಟ್ಟರೆ ತಲೆ ಗೊಂದಲವಾಗಿ ಏನೇನೋ ಮಾತಾಡುವುದುಂಟು. ಅವರಿಗೆ ವೈದ್ಯರು ಡೋಸ್ ಇಳಿಸಬೇಕು.

ಪಿಪಿಐ: ಹೊತ್ತು ತಪ್ಪಿದರೆ ಅರ್ಧ ಔಷಧ ವ್ಯರ್ಥ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಎಲ್ಲ ಒಂದೇ ಮನೆಯವು. ಮೊದಲನೆಯದು ಸ್ವೀಡನ್ನಿನ ಗೋಥೆನ್‌ಬರ್ಗ್ ಬಳಿಯ ಮೋಲ್ನ್‌ಡಾಲ್‌ನಲ್ಲಿ, ಅಸ್ತ್ರಾ ಹೆಸ್ಲೆ ಪ್ರಯೋಗಾಲಯದಲ್ಲಿ ಹುಟ್ಟಿತು. ಟಿಮೊಪ್ರಜೋಲ್ ಎಂಬ ಮುಂಚಿನ ಅಣು ಆಮ್ಲವನ್ನೇನೋ ನಿಲ್ಲಿಸಿತು, ಜೊತೆಗೆ ಥೈರಾಯ್ಡ್ ಅಯೋಡಿನ್ ಹೀರುವುದನ್ನೂ ನಿಲ್ಲಿಸಿತು. ತಿದ್ದುತ್ತ ತಿದ್ದುತ್ತ 1979ರಲ್ಲಿ ಒಮೆಪ್ರಜೋಲ್ ತಯಾರಾಯಿತು. ಇಲಿಗಳಿಗೆ ಆಯುಷ್ಯವಿಡೀ ದೊಡ್ಡ ಡೋಸ್ ಕೊಟ್ಟಾಗ ಜಠರದಲ್ಲಿ ಕಾರ್ಸಿನಾಯ್ಡ್ ಗಡ್ಡೆ ಕಂಡು ಮಾನವ ಪ್ರಯೋಗಗಳು ನಿಂತವು; ಅದು ಅಣುವಿನ ವಿಷವಲ್ಲ, ಆಮ್ಲವಿಲ್ಲದಾಗ ಏರುವ ಗ್ಯಾಸ್ಟ್ರಿನ್‌ನ ಫಲ ಎಂದು ತಿಳಿದ ಮೇಲೆ ಮುಂದುವರಿದವು. 1988ರಲ್ಲಿ ಮಾರಾಟ ಶುರುವಾಯಿತು.

ಇದರ ಜಾಣತನ ಇರುವುದು ಇಲ್ಲಿ. ನುಂಗುವ ಅಣು ಔಷಧವೇ ಅಲ್ಲ. ರಕ್ತದಲ್ಲಿ ತಣ್ಣಗೆ ಸುತ್ತುತ್ತದೆ. ಪರೈಟಲ್ ಕೋಶದ ಆ ಹುಳಿ ನಾಳಕ್ಕೆ ಬಂದಾಗ ಅದರ ಪಿರಿಡೀನ್ ಪ್ರೋಟಾನ್ ಹಿಡಿದು ವಿದ್ಯುದಂಶ ಪಡೆಯುತ್ತದೆ, ಹೊರಗೆ ಹೋಗಲಾರದೆ ಅಲ್ಲೇ ಸಾವಿರ ಪಟ್ಟು ಶೇಖರವಾಗುತ್ತದೆ, ಆಮ್ಲದಲ್ಲೇ ಮಗುಚಿಕೊಂಡು ಸಲ್ಫೆನಮೈಡ್ ಆಗುತ್ತದೆ, ಪಂಪಿನ 813ನೇ ಸಿಸ್ಟೀನ್‌ಗೆ ಗಂಧಕದ ಕೊಂಡಿ ಹಾಕಿಕೊಳ್ಳುತ್ತದೆ. ಆ ಪಂಪಿನ ಕಥೆ ಅಲ್ಲಿಗೆ ಮುಗಿಯಿತು. ರಕ್ತದಲ್ಲಿ ಔಷಧ ಅರ್ಧಕ್ಕಿಳಿಯಲು ಒಂದೂವರೆ ಗಂಟೆಯೂ ಬೇಡ. ಪರಿಣಾಮ ಮಾತ್ರ ಒಂದು ದಿನಕ್ಕೂ ಮೀರಿ ಇರುವುದು ಇದರಿಂದ.

ಬಳಕೆಯ ನಿಯಮಗಳೆಲ್ಲ ಇಲ್ಲಿಂದಲೇ ಬರುತ್ತವೆ. ಔಷಧ ಕೆಲಸ ಮಾಡುವುದು ಚಾಲೂ ಇರುವ ಪಂಪಿನ ಮೇಲೆ ಮಾತ್ರ. ಹಸಿದ ಹೊಟ್ಟೆಯಲ್ಲಿ ಹತ್ತರಲ್ಲೊಂದು ಪಂಪೂ ಚಾಲೂ ಇರುವುದಿಲ್ಲ. ಊಟ ಮಾಡಿದಾಗ ಮುಕ್ಕಾಲು ಭಾಗದ ಹತ್ತಿರಕ್ಕೆ ಏಳುತ್ತವೆ. ಆ ಹೊತ್ತಿಗೆ ರಕ್ತದಲ್ಲಿ ಔಷಧ ತುಂಬಿರಬೇಕಾದರೆ ಊಟಕ್ಕೆ 30ರಿಂದ 60 ನಿಮಿಷ ಮುಂಚೆ ನುಂಗಿರಬೇಕು. ಎಂಟಕ್ಕೆ ತಿಂಡಿಯಾದರೆ ಏಳೂಕಾಲಿಗೆ ಮಾತ್ರೆ. ಎದ್ದ ಕೂಡಲೇ ಕಾಫಿ ಬೇಕು ಎನ್ನುವವರು ಮಾತ್ರೆಯನ್ನು ನೀರಿನಲ್ಲಿ ನುಂಗಿ ಅರ್ಧ ಗಂಟೆ ತಡೆಯಲಿ. ರಾತ್ರಿ ಊಟವಾಗಿ ಮಲಗುವಾಗ ನುಂಗುವುದು ಅತಿ ಸಾಮಾನ್ಯವಾದ ತಪ್ಪು: ಪಂಪುಗಳು ಮಲಗಿರುತ್ತವೆ, ಅವು ಏಳುವಷ್ಟರಲ್ಲಿ ಔಷಧ ಖಾಲಿ. ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದವರಿಗೂ ಇದೇ ಗತಿ. ಏಕಾದಶಿ ಉಪವಾಸದ ದಿನ ಪರಿಣಾಮ ಕಡಿಮೆ ಎನಿಸಿದರೆ ಆಶ್ಚರ್ಯವಿಲ್ಲ. ರಂಜಾನಿನಲ್ಲಿ ಸಹರಿ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗುವುದು ಹೊಂದುತ್ತದೆ.

ಎರಡನೆಯದು, ಮೊದಲ ದಿನವೇ ಫಲ ಕೇಳಬಾರದು. ಒಂದು ಡೋಸಿಗೆ ಸಿಗುವುದು ಆಗ ಎದ್ದಿದ್ದ ಪಂಪುಗಳಷ್ಟೇ, ಜೊತೆಗೆ ದಿನಕ್ಕೆ ಸುಮಾರು ಕಾಲು ಭಾಗ ಪಂಪುಗಳು ಹೊಸದಾಗಿ ಹುಟ್ಟುತ್ತವೆ. ಮೂರು ದಿನ ಬಿಡದೆ ನುಂಗಿದ ಮೇಲೆ ಗರಿಷ್ಠ ಆಮ್ಲದ ಮೂರರಲ್ಲಿ ಎರಡು ಪಾಲು ತಡೆದ ಸ್ಥಿತಿ ಬರುತ್ತದೆ. ಎದೆಯುರಿದಾಗ ಒಂದು ನುಂಗುವುದು ಪಿಪಿಐಗೆ ಹೇಳಿಸಿದ್ದಲ್ಲ. ಆ ಕೆಲಸ ಆಂಟಾಸಿಡ್‌ದು.

ಮೂರನೆಯದು, ಅಣುವನ್ನು ಕೆಲಸಕ್ಕೆ ಹಚ್ಚುವ ಆಮ್ಲವೇ ಅದನ್ನು ಹಾಳೂ ಮಾಡುತ್ತದೆ. ಜಠರದಲ್ಲೇ ಬಿಚ್ಚಿಕೊಂಡರೆ ಕೆಲವೇ ನಿಮಿಷದಲ್ಲಿ ನಾಶ. ಅದಕ್ಕೇ ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆ. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ನುಂಗಲಾಗದವರಿಗೆ ಒಮೆಪ್ರಜೋಲ್ ಅಥವಾ ಎಸೊಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳುಗಳನ್ನು ಒಂದು ಚಮಚ ಬೇಯಿಸಿ ಅರೆದ ಸೇಬಿನಲ್ಲಿ ಹಾಕಿ ಅಗಿಯದೆ ನುಂಗಿಸಬಹುದು. ಶೀಟಿನಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟ ಒಮೆಪ್ರಜೋಲ್ ಕಾಳು ಕಂದು ಇಲ್ಲವೇ ನೇರಳೆ ಬಣ್ಣಕ್ಕೆ ತಿರುಗಿದ್ದರೆ ತೇವ ತಾಗಿ ಕೆಟ್ಟಿದೆ, ಎಸೆಯಿರಿ.

ಈಗ ಪಿಪಿಐಗಳೊಳಗಿನ ಆಯ್ಕೆ. ಮಾತ್ರೆಯ ಮೇಲಿನ ಅಂಕಿ ದೊಡ್ಡದಿದ್ದರೆ ಶಕ್ತಿ ಹೆಚ್ಚು ಎಂದಲ್ಲ. ಆಮ್ಲ ತಗ್ಗಿಸುವ ಬಲವನ್ನು ಒಮೆಪ್ರಜೋಲ್ ಲೆಕ್ಕಕ್ಕೆ ಇಳಿಸಿದರೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಸುಮಾರು 9 ಮಿ.ಗ್ರಾಂ ಒಮೆಪ್ರಜೋಲ್‌ಗೆ ಸಮ, ಲ್ಯಾನ್ಸೊಪ್ರಜೋಲ್ 30 ಸುಮಾರು 27ಕ್ಕೆ, ಎಸೊಮೆಪ್ರಜೋಲ್ 20 ಸುಮಾರು 32ಕ್ಕೆ, ರಾಬೆಪ್ರಜೋಲ್ 20 ಸುಮಾರು 36ಕ್ಕೆ. 2003ರಲ್ಲಿ ಪ್ರಕಟವಾದ ಒಂದು ನೇರ ಹೋಲಿಕೆಯಲ್ಲಿ ಐದನೇ ದಿನ ಪಿಎಚ್ 4ಕ್ಕಿಂತ ಮೇಲಿದ್ದ ಹೊತ್ತು ಎಸೊಮೆಪ್ರಜೋಲ್ 40ಕ್ಕೆ 14 ಗಂಟೆ, ರಾಬೆಪ್ರಜೋಲ್ 20ಕ್ಕೆ 12, ಪ್ಯಾಂಟೊಪ್ರಜೋಲ್ 40ಕ್ಕೆ 10. ಸಾಮಾನ್ಯ ಎದೆಯುರಿಗೆ ಈ ಅಂತರ ಗೊತ್ತೇ ಆಗುವುದಿಲ್ಲ. ಅಗ್ಗದ್ದನ್ನು, ಜನೌಷಧಿ ಕೇಂದ್ರದ್ದನ್ನು, ತಂದರೆ ಸಾಕು. ಎಂಡೋಸ್ಕೋಪಿ ವರದಿಯಲ್ಲಿ ಎಲ್‌ಎ ದರ್ಜೆ ಸಿ ಅಥವಾ ಡಿ (ಅನ್ನನಾಳದ ಹುಣ್ಣನ್ನು ಎಯಿಂದ ಡಿವರೆಗೆ ಅಳೆಯುವ ಕ್ರಮದಲ್ಲಿ ಜೋರಾದವು) ಎಂದಿದ್ದರೆ ಅಂತರ ಲೆಕ್ಕಕ್ಕೆ ಬರುತ್ತದೆ.

ಎಸೊಮೆಪ್ರಜೋಲ್ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಒಮೆಪ್ರಜೋಲ್ ಎಂದರೆ ಎಡಗೈ-ಬಲಗೈ ರೂಪಗಳ ಸಮ ಮಿಶ್ರಣ. ಅದರಲ್ಲೊಂದನ್ನು ಮಾತ್ರ ಇಟ್ಟುಕೊಂಡದ್ದು ಎಸೊಮೆಪ್ರಜೋಲ್. ಪಂಪಿಗೆ ಅಂಟುವ ಸಲ್ಫೆನಮೈಡ್‌ಗೆ ಎಡ-ಬಲ ಎಂಬುದಿಲ್ಲ, ಎರಡರಿಂದಲೂ ಬರುವುದು ಒಂದೇ ವಸ್ತು. ಲಾಭವೇನೆಂದರೆ ಈ ರೂಪವನ್ನು ಯಕೃತ್ತಿನ ಸಿವೈಪಿ2ಸಿ19 ಕಿಣ್ವ ನಿಧಾನವಾಗಿ ಒಡೆಯುತ್ತದೆ, ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಒಮೆಪ್ರಜೋಲ್ ಡೋಸನ್ನೇ ಏರಿಸಿದರೂ ಬಹುಪಾಲು ಅದೇ ಫಲ. ಆ ಕಿಣ್ವ ಜನರಿಂದ ಜನರಿಗೆ ಬಹಳ ವ್ಯತ್ಯಾಸವಾಗುತ್ತದೆ. ಅದು ಚುರುಕಾಗಿರುವವರಿಗೆ ಒಮೆಪ್ರಜೋಲ್ ಹಿಡಿಯದಿದ್ದರೆ ಆ ಕಿಣ್ವದ ಮೇಲೆ ಕಡಿಮೆ ಅವಲಂಬಿತವಾದ ರಾಬೆಪ್ರಜೋಲ್ ನೋಡಬಹುದು. ಅದು ಅಷ್ಟೇನೂ ಹುಳಿಯಿಲ್ಲದ ಕಡೆಯೂ ಬೇಗ ಕೆಲಸಕ್ಕಿಳಿಯುವುದರಿಂದ ಮೊದಲ ದಿನದ ಫಲವೂ ತುಸು ಉತ್ತಮ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಲೆಕ್ಕ ತಿರುಗುಮುರುಗು. ಕ್ಲೊಪಿಡೊಗ್ರೆಲ್ ಚುರುಕಾಗಲು ಅದೇ ಸಿವೈಪಿ2ಸಿ19 ಬೇಕು. ಒಮೆಪ್ರಜೋಲ್, ಎಸೊಮೆಪ್ರಜೋಲ್ ಅದನ್ನು ತಡೆಯುತ್ತವೆ. ಅವರಿಗೆ ಪ್ಯಾಂಟೊಪ್ರಜೋಲೇ ಸೂಕ್ತ. ಥೈರಾಕ್ಸಿನ್ ನುಂಗುವವರಲ್ಲಿ ಯಾವ ಪಿಪಿಐ ಆದರೂ ಅದರ ಹೀರಿಕೆ ತಗ್ಗಿಸಬಹುದು. ಶುರು ಮಾಡಿದ 6–8 ವಾರಕ್ಕೆ ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ. ಇಟ್ರಾಕೊನಜೋಲ್ ಕ್ಯಾಪ್ಸೂಲಿಗೆ, ಕಬ್ಬಿಣದ ಮಾತ್ರೆಗೆ, ಎಚ್‌ಐವಿಯ ಅಟಜನವಿರ್, ರಿಲ್‌ಪಿವಿರಿನ್‌ಗೆ, ಕ್ಯಾನ್ಸರಿನ ಡಸಟಿನಿಬ್‌ಗೆ ಕರಗಲು ಆಮ್ಲ ಬೇಕು. ಇವುಗಳೊಂದಿಗೆ ಪಿಪಿಐ ಸೇರಿಸುವ ಮುಂಚೆ ವೈದ್ಯರಿಗೆ ಹೇಳಲೇಬೇಕು.

ದೀರ್ಘ ಬಳಕೆಯ ಭಯದ ಬಗ್ಗೆ: ವರ್ಷಗಟ್ಟಲೆ ನುಂಗಿದರೆ ಬಿ12 ಕೊರತೆ, ಮೆಗ್ನೀಸಿಯಂ ಇಳಿಕೆ, ಕರುಳಿನ ಸೋಂಕು ಇವು ನಿಜವಾದ ಸಾಧ್ಯತೆಗಳು, ಮೂತ್ರಪಿಂಡದ ಉರಿಯೂತ ಅಪರೂಪ, ಆದರೆ ಇದೆ. ಮೂಳೆ ಮುರಿತ, ಮರೆವಿನ ಕಾಯಿಲೆಗಳ ಮಾತು ಬಂದಿರುವುದು ವೀಕ್ಷಣಾ ಅಧ್ಯಯನಗಳಿಂದ. 17 ಸಾವಿರಕ್ಕೂ ಹೆಚ್ಚು ಜನರಿಗೆ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ, ಶೇ 1ರಿಂದ ಶೇ 1.4ಕ್ಕೆ. ಕಾರಣವಿದ್ದು ನುಂಗುವವರು ಹೆದರಿ ಬಿಡಬೇಕಿಲ್ಲ. ಕಾರಣವಿಲ್ಲದೆ ನುಂಗುವವರಿಗೆ ಈ ಶೇ 1.4 ಕೂಡ ಹೆಚ್ಚೇ.

ಪಿ-ಕ್ಯಾಬ್: ಊಟದ ಹಂಗಿಲ್ಲ

ಪಂಪನ್ನು ಕೆಡಿಸದೆ ಅದರ ಪೊಟ್ಯಾಸಿಯಂ ಜಾಗವನ್ನು ಮಾತ್ರ ಹಿಡಿದರಾಗದೇ ಎಂಬ ಯೋಚನೆ ಹಳೆಯದು. 1980ರ ದಶಕದ ಎಸ್‌ಸಿಎಚ್ 28080 ಯಕೃತ್ತಿಗೆ ಕೆಟ್ಟದ್ದೆಂದು ನಿಂತಿತು. ಅಸ್ತ್ರಾಜೆನಿಕಾದ ಎಜಡ್‌ಡಿ0865 ಕೂಡ ಎಸೊಮೆಪ್ರಜೋಲ್‌ಗಿಂತ ಮೇಲೆನಿಸದೆ, ಯಕೃತ್ತಿನ ಕಿಣ್ವ ಏರಿಸಿ, ಬದಿಗೆ ಸರಿಯಿತು. ಜಪಾನಿನ ಟಕೇಡಾದ ರಸಾಯನಜ್ಞರು ಬೇರೆಯದೇ ಚೌಕಟ್ಟು ಹಿಡಿದರು. ಪಿರೋಲ್ ಉಂಗುರಕ್ಕೆ ಮೀಥೈಲ್ ಅಮೀನ್ ಬಾಲ ಕೂಡಿಸಿದ ವೊನೊಪ್ರಜಾನ್ ಅದು. ಆ ಅಮೀನ್‌ನ ಪಿಕೆಎ (ಕ್ಷಾರಗುಣದ ಅಳತೆ) 9ಕ್ಕೂ ಮೇಲೆ. ಪಿಪಿಐಗಳ ಪಿರಿಡೀನ್‌ದು 4–5ರ ಸುಮಾರು. ಪ್ರಬಲ ಕ್ಷಾರವಾದ್ದರಿಂದ ಹುಳಿ ನಾಳದಲ್ಲಿ ಇದು ಪಿಪಿಐಗಿಂತ ಬಹಳ ಹೆಚ್ಚು ಶೇಖರವಾಗುತ್ತದೆ, ಬೇಗ ಬಿಟ್ಟುಹೋಗುವುದೂ ಇಲ್ಲ. ರಕ್ತದಲ್ಲಿ ಅರ್ಧಕ್ಕಿಳಿಯಲು 7 ಗಂಟೆಯ ಸುಮಾರು ಬೇಕು. ಪಿಪಿಐ ಬಸ್ಸಿನ ಸೀಟನ್ನೇ ಮುರಿದು ಹಾಕಿದರೆ ಇದು ಸೀಟಿನ ಮೇಲೆ ಟವೆಲ್ ಹಾಕಿ ಕೂತಂತೆ: ಎದ್ದುಹೋದರೆ ಸೀಟು ಮತ್ತೆ ಸಿಗುತ್ತದೆ, ಆದರೆ ಏಳುವುದು ಬಹಳ ತಡ.

ಬಳಕೆಯಲ್ಲಿ ಇದರ ಅರ್ಥ ಇಷ್ಟು. ಔಷಧವಾಗಿ ಬದಲಾಗಲು ಆಮ್ಲ ಬೇಕಿಲ್ಲ, ಆಮ್ಲದಲ್ಲಿ ಕೆಡುವುದೂ ಇಲ್ಲ, ಕರುಳಿನ ಹೊದಿಕೆ ಬೇಡ, ಊಟಕ್ಕೆ ಮುಂಚೆಯೋ ನಂತರವೋ ನೋಡಬೇಕಿಲ್ಲ. ರಾತ್ರಿಯ ಆಮ್ಲಕ್ಕೂ ಹಿಡಿಯುತ್ತದೆ. ಅಮೆರಿಕದಲ್ಲಿ ಆರೋಗ್ಯವಂತರ ಮೇಲೆ ನಡೆದ ಹೋಲಿಕೆಯಲ್ಲಿ ಪಿಎಚ್ 4ಕ್ಕಿಂತ ಮೇಲಿದ್ದ ಹೊತ್ತು ಮೊದಲ ದಿನ ವೊನೊಪ್ರಜಾನ್ 20ಕ್ಕೆ ದಿನದ ಶೇ 62, ಲ್ಯಾನ್ಸೊಪ್ರಜೋಲ್ 30ಕ್ಕೆ ಶೇ 23. ಏಳನೇ ದಿನ ಶೇ 88 ಮತ್ತು ಶೇ 42. ಅನ್ನನಾಳದ ಹುಣ್ಣಿನ ದೊಡ್ಡ ಪ್ರಯೋಗದಲ್ಲಿ 8 ವಾರಕ್ಕೆ ಮಾಯ್ದದ್ದು ಶೇ 93 ಮತ್ತು ಶೇ 85. ಗಮನಿಸಿ: ಪಿಎಚ್‌ನಲ್ಲಿ ಎರಡು ಪಟ್ಟಿನ ಅಂತರವಿದ್ದರೂ ರೋಗಿಗೆ ಸಿಕ್ಕ ಅಂತರ ನೂರಕ್ಕೆ ಎಂಟು. ಆ ಎಂಟರಲ್ಲಿ ಹೆಚ್ಚಿನವರು ಹುಣ್ಣು ಜೋರಾಗಿದ್ದವರು. ಸಿ, ಡಿ ದರ್ಜೆಯವರಲ್ಲಿ ಎರಡೇ ವಾರಕ್ಕೆ ಶೇ 70 ಮತ್ತು ಶೇ 53.

ಜಪಾನ್ 2014ರ ಡಿಸೆಂಬರಿನಲ್ಲಿ, ಅಮೆರಿಕ ಅನ್ನನಾಳದ ಹುಣ್ಣಿನ ಬಳಕೆಗೆ 2023ರ ನವೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟವು. ಕೊರಿಯಾದಲ್ಲಿ ಟೆಗೊಪ್ರಜಾನ್ 2018ರಲ್ಲಿ, ಫೆಕ್ಸುಪ್ರಜಾನ್ 2021ರಲ್ಲಿ ಒಪ್ಪಿಗೆ ಪಡೆದವು; ಇವೂ ಪಿ-ಕ್ಯಾಬ್‌ಗಳೇ. ಭಾರತದಲ್ಲೂ ಈಗ ವೊನೊಪ್ರಜಾನ್ 10 ಮತ್ತು 20 ಮಿ.ಗ್ರಾಂನಲ್ಲಿ ಸಿಗುತ್ತದೆ, ಬೆಲೆ ಪಿಪಿಐಗಿಂತ ಜಾಸ್ತಿ. ಅನ್ನನಾಳದ ಹುಣ್ಣಿಗೆ ದಿನಕ್ಕೊಮ್ಮೆ 20 ಮಿ.ಗ್ರಾಂ 8 ವಾರ, ನಂತರ ಬೇಕಿದ್ದರೆ 10. ಗ್ಯಾಸ್ಟ್ರಿನ್ ಪಿಪಿಐಗಿಂತ ಹೆಚ್ಚು ಏರುತ್ತದೆ. ಪಿಪಿಐಗೆ 30 ವರ್ಷಕ್ಕೂ ಮೀರಿದ ಅನುಭವವಿದೆ, ಇದಕ್ಕಿನ್ನೂ ಹತ್ತು ಚಿಲ್ಲರೆ. ಕ್ಷಯದ ರಿಫಾಂಪಿಸಿನ್ ಇದನ್ನು ಬೇಗ ಒಡೆಸಿಬಿಡುತ್ತದೆ, ಜೊತೆಗೆ ನಡೆಸಬಾರದು. ಕ್ಲೊಪಿಡೊಗ್ರೆಲ್ ಜೊತೆಯೂ ಎಚ್ಚರ ಬೇಕು. ಸಾಮಾನ್ಯ ಎದೆಯುರಿಗೆ ಮೊದಲ ಮಾತ್ರೆಯಾಗಿ ಇದನ್ನು ಬರೆಯುವುದು ನಮ್ಮ ಲೆಕ್ಕದಲ್ಲಿ ದುಡ್ಡಿಗೆ ದಂಡ.

ಯಾರಿಗೆ ಯಾವುದು

ತಿಂಗಳಿಗೆ ಕೆಲವು ಸಲ, ತಿಂದದ್ದರ ಮೇಲೆ ಹೋಗುವ ಉರಿಗೆ ಆಂಟಾಸಿಡ್ ಅಥವಾ ಆಲ್ಜಿನೇಟ್. ರಾತ್ರಿಯದಕ್ಕೆ, ವಾರಕ್ಕೊಂದೆರಡು ಸಲದ್ದಕ್ಕೆ ಫ್ಯಾಮೊಟಿಡೀನ್. ವಾರಕ್ಕೆರಡು ಸಲಕ್ಕಿಂತ ಹೆಚ್ಚು ಬಂದು ಬದುಕಿಗೆ ತೊಡಕಾದರೆ ಪಿಪಿಐ 4ರಿಂದ 8 ವಾರ, ಆಮೇಲೆ ನಿಲ್ಲಿಸಿ ನೋಡುವುದು. ಹೊತ್ತಿಗೆ ಸರಿಯಾಗಿ ನುಂಗಿಯೂ ತಗ್ಗದಿದ್ದರೆ ಮೊದಲು ರಾತ್ರಿ ಊಟಕ್ಕೂ ಮುಂಚೆ ಇನ್ನೊಂದು ಡೋಸ್, ಇಲ್ಲವೇ ಬಲವಾದ ಪಿಪಿಐ, ಆಮೇಲೆ ವೊನೊಪ್ರಜಾನ್. ಎಂಡೋಸ್ಕೋಪಿಯಲ್ಲಿ ಸಿ, ಡಿ ದರ್ಜೆ ಕಂಡವರು ನೇರವಾಗಿ ವೊನೊಪ್ರಜಾನ್‌ನಿಂದ ಶುರು ಮಾಡುವುದಕ್ಕೂ ಆಧಾರವಿದೆ. ಗರ್ಭಿಣಿಯರಿಗೆ ಆಲ್ಜಿನೇಟ್ ಮೊದಲು, ಉಳಿದದ್ದು ವೈದ್ಯರ ಮಾತಿನಂತೆ. ಹೊಟ್ಟೆ ಉಬ್ಬರ, ಗುಡುಗುಡು, ವಾಯು ಮಾತ್ರ ಇದ್ದು ಉರಿಯೇ ಇಲ್ಲದವರಿಗೆ ಈ ನಾಲ್ಕರಲ್ಲಿ ಯಾವುದೂ ಅಷ್ಟಾಗಿ ಕೆಲಸ ಮಾಡದು. ಮಾತ್ರೆ ಬದಲಿಸುತ್ತ ಹೋಗುವವರಲ್ಲಿ ಇಂಥವರೇ ಹೆಚ್ಚು.

ಹೊಟ್ಟೆ ಹುಣ್ಣಿದ್ದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಪರೀಕ್ಷೆ ತಪ್ಪಿಸಬಾರದು. ಬ್ಯಾಕ್ಟೀರಿಯಾ ಉಳಿದರೆ ಹುಣ್ಣು ಮರಳುತ್ತದೆ. ಉಸಿರಿನ ಅಥವಾ ಮಲದ ಪರೀಕ್ಷೆಗೆ ಎರಡು ವಾರ ಮುಂಚೆ ಪಿಪಿಐ, ವೊನೊಪ್ರಜಾನ್ ನಿಲ್ಲಿಸಬೇಕು, ಆಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದೂ ವರದಿ ‘ಇಲ್ಲ’ ಎನ್ನುತ್ತದೆ. ಆ ಎರಡು ವಾರ ಆಂಟಾಸಿಡ್‌ನಲ್ಲಿ ಸುಧಾರಿಸಿಕೊಳ್ಳಬಹುದು.

ಮಾತ್ರೆಯ ಹೆಸರಿನ ಬಾಲದಲ್ಲಿ ‘ಡಿ’ ಇದ್ದರೆ ಸಾಮಾನ್ಯವಾಗಿ ಡೊಂಪೆರಿಡೋನ್, ‘ಎಲ್’ ಇದ್ದರೆ ಸಾಮಾನ್ಯವಾಗಿ ಲೆವೊಸಲ್ಪಿರೈಡ್. ಬರಿ ಎದೆಯುರಿಗೆ ಎರಡೂ ಬೇಕಿಲ್ಲ. ಡೊಂಪೆರಿಡೋನ್ ಹೃದಯದ ತಾಳವನ್ನು ಏರುಪೇರು ಮಾಡಬಲ್ಲದು, ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್ ಜೊತೆಗಂತೂ ಅಪಾಯ. ಯುರೋಪಿನ ನಿಯಂತ್ರಕರು 2014ರಲ್ಲಿ ಇದನ್ನು ವಾಕರಿಕೆ, ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಎಂದು ಮಿತಿಗೊಳಿಸಿದರು. ನಮ್ಮಲ್ಲಿ 30 ಮಿ.ಗ್ರಾಂನ ನಿಧಾನ ಬಿಡುಗಡೆಯ ರೂಪ ತಿಂಗಳುಗಟ್ಟಲೆ ನಡೆಯುತ್ತದೆ. ಲೆವೊಸಲ್ಪಿರೈಡ್‌ನಿಂದ ವಯಸ್ಸಾದವರಿಗೆ ಕೈನಡುಕ, ಬಿಗಿತ ಬಂದು ಪಾರ್ಕಿನ್ಸನ್ ಎಂದು ತಪ್ಪಾಗಿ ತಿಳಿಯುವುದಿದೆ. ಹೆಂಗಸರಿಗೆ ಮುಟ್ಟು ತಪ್ಪಬಹುದು, ಎದೆಹಾಲು ಕಾಣಿಸಿಕೊಳ್ಳಬಹುದು. ಶೀಟಿನ ಹಿಂಭಾಗದ ಸಣ್ಣಕ್ಷರ ಓದಿ, ಬರಿ ಪಿಪಿಐ ಇರುವುದನ್ನೇ ಕೇಳಿ.

ನಿಲ್ಲಿಸುವ ಕ್ರಮ

ತಿಂಗಳುಗಟ್ಟಲೆ ನುಂಗಿದ ಪಿಪಿಐಯನ್ನು ಒಮ್ಮೆಗೇ ಬಿಟ್ಟರೆ ಕೆಲವು ದಿನದಲ್ಲಿ ಮೊದಲಿಗಿಂತ ಜೋರಾಗಿ ಉರಿಯುವುದುಂಟು. ಏರಿದ್ದ ಗ್ಯಾಸ್ಟ್ರಿನ್ ಇಸಿಎಲ್ ಕೋಶಗಳನ್ನು ಬೆಳೆಸಿರುತ್ತದೆ, ತಡೆ ತೆಗೆದೊಡನೆ ಅವು ಬಿಡುವ ಹಿಸ್ಟಮೀನ್ ಪರೈಟಲ್ ಕೋಶಗಳಿಂದ ಹೆಚ್ಚು ಆಮ್ಲ ಸುರಿಸುತ್ತದೆ. 2009ರಲ್ಲಿ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ 8 ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ ಶೇ 44 ಜನಕ್ಕೆ ಉರಿ, ಹುಳಿತೇಗು ಬಂತು. ಹುಸಿಮಾತ್ರೆಯವರಲ್ಲಿ ಶೇ 15. ಇದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಶುರು ಮಾಡಿದರೆ ಬಿಡುವ ದಾರಿಯೇ ಇಲ್ಲ. ಡೋಸನ್ನು ಅರ್ಧ ಮಾಡಿ ಎರಡರಿಂದ ನಾಲ್ಕು ವಾರ, ಆಮೇಲೆ ದಿನ ಬಿಟ್ಟು ದಿನ ಎರಡು ವಾರ, ನಡುವೆ ಉರಿ ಬಂದರೆ ಆಲ್ಜಿನೇಟ್ ಅಥವಾ ರಾತ್ರಿ ಫ್ಯಾಮೊಟಿಡೀನ್. ಅರ್ಧ ಡೋಸೆಂದರೆ 40ರ ಬದಲು 20ರ ಮಾತ್ರೆ, ಮುರಿದದ್ದಲ್ಲ. ರಾತ್ರಿ ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ, ಹಾಸಿಗೆಯ ತಲೆಯ ಕಡೆಯ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಕಟ್ಟಿಗೆ, ಎಡಮಗ್ಗುಲಲ್ಲಿ ಮಲಗುವುದು, ಹೊಟ್ಟೆಯ ಬೊಜ್ಜು ಇಳಿಸುವುದು ಈ ಅವಧಿಯಲ್ಲಿ ನೆರವಾಗುತ್ತವೆ. ದಿಂಬು ಹೆಚ್ಚಿಸಿದರೆ ಹೊಟ್ಟೆ ಮಡಚಿ ಒತ್ತಡ ಏರುತ್ತದೆ, ಅದು ಬೇಡ.

ಕೆಲವರು ನಿಲ್ಲಿಸಲೇಬಾರದು: ಬ್ಯಾರೆಟ್ ಅನ್ನನಾಳ (ಆಮ್ಲದಿಂದ ಅನ್ನನಾಳದ ಒಳಪದರವೇ ಬದಲಾದದ್ದು) ಇರುವವರು, ಸಿ, ಡಿ ದರ್ಜೆಯ ಹುಣ್ಣು ಮಾಯ್ದವರು, ಜೊಲಿಂಜರ್-ಎಲಿಸನ್ (ಗ್ಯಾಸ್ಟ್ರಿನ್ ಸುರಿಸುವ ಗಡ್ಡೆಯ ಕಾಯಿಲೆ) ಇರುವವರು, ಹಿಂದೆ ಹುಣ್ಣಿನಿಂದ ರಕ್ತ ಸೋರಿದ್ದು ಈಗಲೂ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಲೇಬೇಕಾದವರು, ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ನಡೆಯುತ್ತಿರುವ ವೃದ್ಧರು. ಇವರಿಗೆ ಪಿಪಿಐ ಉರಿಗೆ ಕೊಟ್ಟದ್ದಲ್ಲ. ಉರಿ ಇಲ್ಲ ಎಂಬ ಕಾರಣಕ್ಕೆ ಬಿಟ್ಟರೆ ತಿಳಿಯುವುದು ರಕ್ತಸ್ರಾವವಾದ ಮೇಲೆ.